ತೊಳೆದ ಬಣ್ಣಗಳು

ತಾನು ವರ್ಷಗಟ್ಟಲೆ ಶ್ರಮಿಸಿ ಬರೆದ ಚಿತ್ರಪಟಗಳನ್ನು ಚೌಕಟ್ಟಿನಿಂದ ಬಿಡಿಸಿ, ಮುದುಡಿ, ಬಟ್ಟೆ ಒಗೆಯುವ ಯಂತ್ರದೊಳಗೆ ಹಾಕಿ ತಿರುಗಿಸಿದ ಕಲಾವಿದನನ್ನು ನೀವು ಏನೆಂದು ಕರೆಯುತ್ತೀರಿ? ಹುಚ್ಚನೆಂದೇ, ಹತಾಶನೆಂದೇ? ಅಮೆರಿಕದ ಚಾಕ್ಟಾ ಜನಾಂಗಕ್ಕೆ ಸೇರಿದ ಜೆಫ್ರಿ ಗಿಬ್ಸನ್ ಒಮ್ಮೆ ಹೀಗೆಯೇ ಮಾಡಿದರು. ಚಿತ್ರಕಲೆಯನ್ನೇ ತೊರೆದುಬಿಡಬೇಕೆಂಬ ಮನಃಸ್ಥಿತಿಯಲ್ಲಿ ಅವರಿದ್ದ ಕಾಲವದು. ಅದೇ ಗಿಬ್ಸನ್ 2024ರಲ್ಲಿ ವೆನಿಸ್ ನಗರದ ವಿಶ್ವವಿಖ್ಯಾತ ಕಲಾಮೇಳದಲ್ಲಿ ಅಮೆರಿಕವನ್ನು ಪ್ರತಿನಿಧಿಸಿದರು. ಆ ದೇಶದ ಮೂಲನಿವಾಸಿ ಕಲಾವಿದರೊಬ್ಬರಿಗೆ ಅಲ್ಲಿ ಏಕವ್ಯಕ್ತಿ ಪ್ರದರ್ಶನದ ಗೌರವ ದೊರೆತದ್ದು ಅದೇ ಮೊದಲು. ಈ ಎರಡು ಘಟನೆಗಳ ನಡುವೆ ನಡೆದುದೇನು ಎಂಬುದೇ ಈ ಲೇಖನದ ಜಿಜ್ಞಾಸೆ.

ಮೊದಲು ಚಾಕ್ಟಾ ಜನರ ಬಗ್ಗೆ ಎರಡು ಮಾತು. ಇಂದಿನ ಮಿಸಿಸಿಪ್ಪಿ ಪ್ರಾಂತ್ಯ ಅವರ ತವರು. 1830ರ ಒಪ್ಪಂದದ ಮೂಲಕ ಅಮೆರಿಕದ ಸರ್ಕಾರ ಅವರ ನೆಲವನ್ನು ಕಸಿದುಕೊಂಡು, ಮುಂದಿನ ವರ್ಷಗಳಲ್ಲಿ ಅವರನ್ನು ಪಶ್ಚಿಮದ ಒಕ್ಲಹೋಮಾದತ್ತ ಅಟ್ಟಿತು. ಚಳಿ, ಹಸಿವು, ರೋಗಗಳಿಗೆ ತುತ್ತಾಗಿ ಸಾವಿರಾರು ಮಂದಿ ದಾರಿಯಲ್ಲೇ ಮಡಿದರು. ಅಷ್ಟೆಲ್ಲ ಕಳೆದುಕೊಂಡ ಈ ಜನರು 1847ರಲ್ಲಿ, ದೂರದ ಐರ್ಲೆಂಡಿನಲ್ಲಿ ಕ್ಷಾಮವೆಂದು ಕೇಳಿ, ತಮ್ಮೊಳಗೇ 170 ಡಾಲರ್ ಕೂಡಿಸಿ ಕಳುಹಿಸಿದರು. ಐರಿಷ್ ಜನರು ಅದನ್ನು ಇಂದಿಗೂ ಮರೆತಿಲ್ಲ. ಪಶ್ಚಿಮಕ್ಕೆ ಹೋಗದೆ ತವರಿನಲ್ಲೇ ಉಳಿದವರ ಸಂತತಿಯೇ ಇಂದಿನ ಮಿಸಿಸಿಪ್ಪಿ ಚಾಕ್ಟಾ ಪಂಗಡ. ಗಿಬ್ಸನ್ ಅದರ ಸದಸ್ಯರು. ಅವರ ತಾಯಿಯ ಕಡೆಯವರು ಚೆರೋಕಿ ಜನಾಂಗದವರು.

ಗಿಬ್ಸನ್ ಹುಟ್ಟಿದ್ದು 1972ರಲ್ಲಿ, ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ತಂದೆ ರಕ್ಷಣಾ ಇಲಾಖೆಯ ಎಂಜಿನಿಯರ್ ಆಗಿದ್ದುದರಿಂದ ಬಾಲ್ಯ ಜರ್ಮನಿ, ದಕ್ಷಿಣ ಕೊರಿಯಾಗಳಲ್ಲಿಯೂ ಕಳೆಯಿತು. ಷಿಕಾಗೋ ಕಲಾಶಾಲೆಯಲ್ಲಿ ಓದುತ್ತಿದ್ದಾಗ ಅವರು ಅಲ್ಲಿನ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡಿದರು. ಪೂರ್ವಜರ ಅಸ್ಥಿಗಳನ್ನೂ ಪವಿತ್ರ ವಸ್ತುಗಳನ್ನೂ ಆಯಾ ಜನಾಂಗಗಳಿಗೆ ಹಿಂದಿರುಗಿಸಬೇಕೆಂಬ 1990ರ ಕಾನೂನು ಆಗ ಹೊಸದು. ಕಪಾಟುಗಳಲ್ಲಿ ಬಂದಿಯಾಗಿದ್ದ ವಸ್ತುಗಳನ್ನು ನೋಡಲು ಬರುತ್ತಿದ್ದ ಹಿರಿಯರನ್ನು ಅವರು ಹತ್ತಿರದಿಂದ ಕಂಡರು. ಸಂಗ್ರಹಾಲಯಕ್ಕೆ ಅದು ಕ್ರಮಸಂಖ್ಯೆಯುಳ್ಳ ವಸ್ತು. ಆ ಹಿರಿಯರಿಗೆ ಜೀವವುಳ್ಳ ಬಂಧು. ಮುಂದೆ ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ಉನ್ನತ ವ್ಯಾಸಂಗ ಮಾಡಿ 1998ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ವ್ಯಾಸಂಗಕ್ಕೆ ನೆರವಾದದ್ದು ಅವರ ಪಂಗಡವೇ.

ಇಷ್ಟು ಸಿದ್ಧತೆಯಿದ್ದರೂ ಚಿತ್ರಗಳು ಅವರಿಗೆ ಒಲಿಯಲಿಲ್ಲ. ಬಣ್ಣ ಬೆರೆಸಿದ ಸಿಲಿಕೋನ್, ಮಣಿಗಳು, ದಟ್ಟ ವರ್ಣಗಳು ಅವರ ಆರಂಭದ ಕೃತಿಗಳಲ್ಲಿವೆ. ಆದರೆ ಅಮೂರ್ತ ಚಿತ್ರಕಾರನೆಂದು ನೋಡುವವರಿಗೆ ಅವರಲ್ಲಿ ಮೂಲನಿವಾಸಿಯೇ ಕಂಡ. ಮೂಲನಿವಾಸಿಯನ್ನು ಹುಡುಕಿ ಬಂದವರಿಗೆ ಗರಿಗಳೂ ಕುದುರೆಗಳೂ ಸಿಗಲಿಲ್ಲ. ಎರಡು ಮನೆಗಳ ನಡುವೆ ನಿಂತವನಿಗೆ ಯಾವ ಬಾಗಿಲೂ ತನ್ನದಲ್ಲ. ಆ ಕಾಲದಲ್ಲಿಯೇ ಅವರು ಚಿತ್ರಪಟಗಳನ್ನು ಒಗೆಯಲು ಹಾಕಿದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ಅಂತಃಸ್ಫೂರ್ತಿ ಎಂದೊಡನೆ ನಾವು ಬರಿದಾದ ಮನಸ್ಸಿನ ಮೇಲೆ ಆಕಾಶದಿಂದ ಎರಗುವ ಮಿಂಚನ್ನು ನೆನೆಯುತ್ತೇವೆ. ಗಿಬ್ಸನ್ನರ ಬದುಕು ಬೇರೊಂದನ್ನು ಹೇಳುತ್ತದೆ. ಯಂತ್ರದಿಂದ ಹೊರಬಂದಾಗ ಆ ಪಟ ಗೋಡೆಗೆ ತೂಗುವ ಚಿತ್ರವಾಗಿರಲಿಲ್ಲ. ಅದು ಸುಕ್ಕುಗಟ್ಟಿದ, ಮೆತ್ತಗಾದ, ಕೈಗೆ ಸಿಗುವ ಬಟ್ಟೆಯಾಗಿತ್ತು. ಬಟ್ಟೆಯನ್ನು ಹೊಲಿಯಬಹುದು, ಸುತ್ತಬಹುದು, ಹೊದೆಯಬಹುದು. ಬಣ್ಣವೆಂಬುದು ಕಿಟಕಿಯಾಚೆಯ ನೋಟವಲ್ಲ, ದೇಹಕ್ಕೆ ತಾಗುವ ವಸ್ತು ಎಂಬ ಅರಿವಿಗೆ ಅವರ ಕೈಗಳು ಬುದ್ಧಿಗಿಂತ ಮುಂಚೆಯೇ ತಲುಪಿದ್ದವು. ವಸ್ತುವಿನ ಮಾತಿಗೆ ಪಳಗಿದ ಕೈ ವಿಧೇಯವಾಗುವುದೇ ಅಂತಃಸ್ಫೂರ್ತಿ; ಅದು ಅಭ್ಯಾಸದ ವೈರಿಯಲ್ಲ, ಅಭ್ಯಾಸದ ಹಣ್ಣು. ನನ್ನ ತಿಳುವಳಿಕೆಯಲ್ಲಿ ಗಿಬ್ಸನ್ನರ ಕಲೆ ಕಲಿಸುವ ಪಾಠ ಇದೇ.

ಮುಂದಿನ ಕೃತಿಗಳು ಈ ಮಾತಿಗೆ ಸಾಕ್ಷಿ. ಒಳಗೆ ಕುದಿಯುತ್ತಿದ್ದ ಸಿಟ್ಟಿಗೆ ದಾರಿ ಹುಡುಕುತ್ತಾ, ಚಿಕಿತ್ಸಕರ ಸಲಹೆಯಂತೆ ಅವರು ವ್ಯಾಯಾಮ ತರಬೇತಿಗೆ ಹೋದರು. ಅಲ್ಲಿ ಎದುರಾದದ್ದು ಮುಷ್ಟಿಯುದ್ಧದವರು ಗುದ್ದಿ ಅಭ್ಯಾಸ ಮಾಡುವ ಪಂಚಿಂಗ್ ಬ್ಯಾಗ್. ಸುಮಾರು 2011ರಿಂದ ಅವರು ಅಂಥ ಚೀಲಗಳಿಗೆ ಗಾಜಿನ ಮಣಿಗಳನ್ನು ಹೊಲಿದು, ತಗಡಿನ ಗೆಜ್ಜೆಗಳನ್ನೂ ಉದ್ದನೆಯ ಕುಚ್ಚುಗಳನ್ನೂ ಇಳಿಬಿಟ್ಟು, ಹಬ್ಬದ ಉಡುಗೆ ತೊಟ್ಟ ದೇಹಗಳಂತೆ ತೂಗುಹಾಕಿದರು. ಗುದ್ದಲೆಂದೇ ಮಾಡಿದ ವಸ್ತುವನ್ನು ಗುದ್ದಲಾಗದಷ್ಟು ಸುಂದರಗೊಳಿಸಿದ್ದಾರೆ. ಸಿಟ್ಟನ್ನು ಅಡಗಿಸಿಟ್ಟಿಲ್ಲ, ಇನ್ನೊಬ್ಬರ ಮೇಲೆ ಎಸೆದೂ ಇಲ್ಲ. ಒಂದೊಂದೇ ಮಣಿಯಾಗಿ ಪೋಣಿಸಿದ್ದಾರೆ. 2012ರ ಸುಮಾರಿಗೆ ಹದಮಾಡದ ಜಿಂಕೆಯ ಚರ್ಮವನ್ನು ಹಳೆಯ ಇಸ್ತ್ರಿ ಹಲಗೆಗಳ ಮೇಲೆ ಬಿಗಿದು, ಅದರ ಮೇಲೆ ತ್ರಿಕೋನ ವಜ್ರಾಕೃತಿಗಳನ್ನು ಬರೆದರು. ಮನೆಗೆಲಸದ ಹಲಗೆ ಯೋಧನ ಗುರಾಣಿಯಾಯಿತು. ಒಣಗುವಾಗ ಬಿಗಿದುಕೊಳ್ಳುವ ಚರ್ಮಕ್ಕೆ ತನ್ನದೇ ಹಟವಿದೆ. ಗೆರೆಯು ಆ ಹಟಕ್ಕೆ ಬಾಗಲೇಬೇಕು. ಆ ಬಾಗುವಿಕೆಯಲ್ಲಿಯೇ ಅವುಗಳ ಸೊಬಗಿದೆ.

ಈ ಕೃತಿಗಳನ್ನು ನಾನು ಮುದ್ರಿತ ಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ. ಮಣಿಯ ಹೊಳಪು, ಗೆಜ್ಜೆಯ ನಾದ ಕಾಗದಕ್ಕೆ ಇಳಿಯುವುದಿಲ್ಲ. ಈ ಮಿತಿಯನ್ನು ಒಪ್ಪಿಕೊಂಡೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಇತ್ತೀಚಿನ ಕೃತಿಗಳಲ್ಲಿ ಅಕ್ಷರಗಳು ಹೆಚ್ಚಾಗಿವೆ. ಹಾಡುಗಳ, ಕಾನೂನುಗಳ, ಭಾಷಣಗಳ ನುಡಿಗಳು ಕಾಮನಬಿಲ್ಲಿನ ಬಣ್ಣಗಳಲ್ಲಿ ಪಟವನ್ನು ತುಂಬುತ್ತವೆ. ವಾಕ್ಯವನ್ನು ಓದಿ ಮುಗಿಸಿದ ಕಣ್ಣು ನೋಡುವುದನ್ನೂ ಮುಗಿಸಿಬಿಡುವ ಅಪಾಯ ಇಲ್ಲಿದೆ. ಏನು ಹೇಳಬೇಕೆಂದು ಮೊದಲೇ ನಿರ್ಧಾರವಾದಾಗ ಕೈಗೆ ಹುಡುಕಲು ಏನೂ ಉಳಿಯುವುದಿಲ್ಲ. ಅನೇಕ ಸಹಾಯಕರು ದುಡಿಯುವ ದೊಡ್ಡ ಕಾರ್ಯಾಗಾರದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಆದರೆ ವಸ್ತುವೂ ವಾಕ್ಯವೂ ಒಂದನ್ನೊಂದು ಎದುರಿಸಿ ನಿಂತಲ್ಲಿ ಅವರ ಕಲೆ ಎತ್ತರಕ್ಕೇರುತ್ತದೆ. ವೆನಿಸ್‌ನಲ್ಲಿ ತೂಗುತ್ತಿದ್ದ ಒಂದು ಪಂಚಿಂಗ್ ಬ್ಯಾಗಿನ ಮೇಲೆ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರಸಿದ್ಧ ಮಾತುಗಳನ್ನು ಮಣಿಗಳಲ್ಲಿ ಪೋಣಿಸಲಾಗಿತ್ತು. ಎಲ್ಲ ಮನುಷ್ಯರೂ ಸಮಾನರೆಂದು ಸಾರುವ ಆ ಘೋಷಣೆಯೇ ಮುಂದೆ ಮೂಲನಿವಾಸಿಗಳನ್ನು ದಯೆಯಿಲ್ಲದ ಕಾಡುಜನರೆಂದು ಕರೆಯುತ್ತದೆ. ಪೆಟ್ಟು ತಿನ್ನಲೆಂದೇ ಇರುವ ಚೀಲದ ಮೈಮೇಲೆ ಆ ಭರವಸೆ! ಇಲ್ಲಿ ಅಕ್ಷರ ಅಲಂಕಾರವಲ್ಲ, ಗಾಯ.

ಅದೇ ಪ್ರದರ್ಶನದ ಅಂಗಳದಲ್ಲಿ ಕಡುಗೆಂಪು ಪೀಠಗಳಿದ್ದವು. ಅವುಗಳ ಮೇಲೆ ಯಾವ ವೀರನ ಪ್ರತಿಮೆಯೂ ಇರಲಿಲ್ಲ. ಜನರು ಹತ್ತಿ ಕುಳಿತರು. ಮೂಲನಿವಾಸಿ ನರ್ತಕರು ಗೆಜ್ಜೆಯುಡುಗೆ ತೊಟ್ಟು ಕುಣಿದರು. ಗೆಜ್ಜೆಯುಡುಗೆಯ ಕುಣಿತ ಸುಮಾರು ನೂರು ವರ್ಷಗಳ ಹಿಂದೆ, ಇನ್‌ಫ್ಲುಯೆಂಜಾ ಮಾರಿಯ ಕಾಲದಲ್ಲಿ, ಒಜಿಬ್ವೆ ಜನರಲ್ಲಿ ಹುಟ್ಟಿದ ಸ್ವಸ್ಥತೆಯ ಪ್ರಾರ್ಥನೆ. 1883ರ ಸರ್ಕಾರಿ ನಿಯಮಗಳು ಮೂಲನಿವಾಸಿಗಳ ಸಾಂಪ್ರದಾಯಿಕ ಕುಣಿತಗಳನ್ನು ಅಪರಾಧವೆಂದು ಸಾರಿದ್ದವು. ಆ ನಿಷೇಧಕ್ಕೆ ಕ್ರೈಸ್ತ ಮಿಷನರಿಗಳ ಒತ್ತಾಸೆಯೂ ಇತ್ತು ಎಂಬುದನ್ನು ಗುರುವಾದ ನಾನು ಮುಚ್ಚಿಡಲಾರೆ. ಅವರ ಧಾರ್ಮಿಕ ಸ್ವಾತಂತ್ರ್ಯಕ್ಕೆ ಕಾನೂನಿನ ರಕ್ಷಣೆ ದೊರೆತದ್ದು 1978ರಲ್ಲಿ. ಕೆನಡಾದ ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ಅನ್ಯಾಯಕ್ಕೆ ಫ್ರಾನ್ಸಿಸ್ ಜಗದ್ಗುರುಗಳು ಅಲ್ಲಿಗೇ ಹೋಗಿ ಕ್ಷಮೆ ಯಾಚಿಸಿದ್ದು 2022ರ ಜುಲೈಯಲ್ಲಿ.

ಗಿಬ್ಸನ್ನರ ಇಬ್ಬರು ತಾತಂದಿರೂ ಬ್ಯಾಪ್ಟಿಸ್ಟ್ ಸಭೆಯ ಬೋಧಕರಾಗಿದ್ದರೆಂಬ ಸಂಗತಿ ಇಲ್ಲಿ ನನಗೆ ಮುಖ್ಯವೆನಿಸುತ್ತದೆ. ಚಾಕ್ಟಾ ನುಡಿಯ ಕೀರ್ತನೆಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಅವರ ಸಭೆಗಳಲ್ಲಿವೆ. ಕುಣಿತವನ್ನು ಕಸಿದವರ ಧರ್ಮವೂ ಹಾಡನ್ನು ಉಳಿಸಿದ ಧರ್ಮವೂ ಒಂದೇ! ಆ ಮೊಮ್ಮಗ ಇವೆರಡರಲ್ಲಿ ಯಾವುದನ್ನೂ ಅಲ್ಲಗಳೆಯದೆ, ಎರಡನ್ನೂ ಒಂದೇ ದಾರದಲ್ಲಿ ಪೋಣಿಸಲು ಹೊರಟಿದ್ದಾರೆಂದು ಅವರ ಕೃತಿಗಳನ್ನು ನೋಡಿದಾಗ ನನಗೆ ತೋರುತ್ತದೆ.

ಪ್ರಿಯ ಓದುಗರೇ, ನಿಮ್ಮ ಮಗನೋ ಮಗಳೋ ಕಷ್ಟಪಟ್ಟು ಮಾಡಿದ್ದನ್ನು ತಾನೇ ಕೆಡಿಸಿ ಸುಮ್ಮನೆ ಕುಳಿತಾಗ, ಗದರುವ ಮುನ್ನ ಆ ಒಗೆಯುವ ಯಂತ್ರವನ್ನು ನೆನೆಯಿರಿ. ಅಂದು ಬಣ್ಣ ಹೋಯಿತು, ಹೆಸರಿನ ಆಸೆ ಹೋಯಿತು. ಬಟ್ಟೆ ಮಾತ್ರ ಉಳಿಯಿತು. ಉಳಿದದ್ದನ್ನು ಕೈಗೆತ್ತಿಕೊಳ್ಳುವ ತಾಳ್ಮೆ ಆ ಕಲಾವಿದನಲ್ಲಿತ್ತು.