ಮಾಲಿ ಬದಲಾದಾಗ

ಸಾಹಿತ್ಯ ಪುರವಣಿಯ ಓದುಗರ ಮುಂದೆ ಟೆಲಿವಿಷನ್ನಿನ ತೋಟಗಾರಿಕೆಯ ಕಾರ್ಯಕ್ರಮವೊಂದರ ಮಾತೆತ್ತಲು ಸ್ವಲ್ಪ ಸಂಕೋಚವಾಗುತ್ತದೆ. ಅದೂ ನಮ್ಮ ನಾಡಿನದಲ್ಲ, ಇಂಗ್ಲೆಂಡಿನದು. ಗೊಬ್ಬರ ಎಷ್ಟು ಹಾಕಬೇಕು, ಸಸಿ ಯಾವಾಗ ನೆಡಬೇಕು ಎಂದು ಹೇಳುವ ಮಾತಿನಲ್ಲಿ ವಿಮರ್ಶಕನಿಗೇನು ಕೆಲಸ ಎಂದು ಕೇಳುವವರುಂಟು. ಆದರೆ ಆ ಮಾತನ್ನು ಹೇಳುವವರು ಬದಲಾದಾಗಲೆಲ್ಲ ನೋಡುಗರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗುವುದನ್ನೂ, ಹೊಸದಾಗಿ ಬಂದವರನ್ನು ಮಲತಾಯಿಯನ್ನು ನೋಡುವಂತೆ ನೋಡುವುದನ್ನೂ ಕಂಡರೆ, ಇಲ್ಲಿ ಗೊಬ್ಬರಕ್ಕಿಂತ ಬೇರೆ ಏನೋ ಇದೆ ಎನ್ನಿಸದೆ ಇರದು. ಒಂದು ಮಾತು ಒಬ್ಬರ ಬಾಯಿಂದ ಬಂದರೆ ಒಪ್ಪಿಗೆಯಾಗಿ, ಅದೇ ಮಾತು ಇನ್ನೊಬ್ಬರ ಬಾಯಿಂದ ಬಂದರೆ ಸಪ್ಪೆಯಾಗುವುದೇಕೆ? ಇದು ಸಾಹಿತ್ಯದ ಪ್ರಶ್ನೆಯೇ ಅಲ್ಲವೆ?

ಎರಡು ವರ್ಷದ ಹಿಂದೆ ಬೇಸಗೆಯ ರಜದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಒಂದು ತಿಂಗಳು ಇದ್ದೆ. ಅವಳ ಪಕ್ಕದ ಮನೆಯಲ್ಲಿ ಬಸ್ ಚಾಲಕರಾಗಿದ್ದು ನಿವೃತ್ತರಾದ ಮುದುಕರೊಬ್ಬರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳು ದೂರದಲ್ಲಿದ್ದಾರೆ. ಮನೆಯ ಹಿಂದೆ ನಾಲ್ಕು ಪಾತಿಗಳ ತೋಟವಿದೆ. ಶುಕ್ರವಾರ ಸಂಜೆ ಅವರ ಬಾಗಿಲು ತಟ್ಟಬಾರದೆಂಬುದು ಆ ಬೀದಿಗೆಲ್ಲ ಗೊತ್ತು. ಬಿ.ಬಿ.ಸಿ.ಯ ‘ಗಾರ್ಡನರ್ಸ್ ವರ್ಲ್ಡ್’ ಬರುವ ವೇಳೆ ಅದು. ನನಗೂ ಗಿಡಗಳಲ್ಲಿ ಆಸಕ್ತಿಯುಂಟೆಂದು ತಂಗಿ ಹೇಳಿದ್ದರಿಂದ ನನಗೊಂದು ಕುರ್ಚಿ ದೊರೆಯಿತು. ಹೋಗುವ ಮುನ್ನ ತಂಗಿ ಎಚ್ಚರಿಸಿದಳು: “ಅಣ್ಣ, ಅವರ ಎದುರಿಗೆ ಈಗಿನವರಿಗಿಂತ ಹಿಂದಿನವರೇ ಚೆನ್ನಾಗಿದ್ದರು ಅನ್ನಬೇಡ. ಹಿಂದಿನವರಿಗಿಂತ ಈಗಿನವರು ಚೆನ್ನಾಗಿದ್ದಾರೆ ಅಂತಲೂ ಅನ್ನಬೇಡ.” ಈ ಎಚ್ಚರಿಕೆಯ ಅರ್ಥ ನನಗೆ ಆಗಲೇ ಆಗಲಿಲ್ಲ.

ಕಾರ್ಯಕ್ರಮ ಆರಂಭವಾದದ್ದು 1968ರ ಜನವರಿಯಲ್ಲಿ. ನಮ್ಮ ದೂರದರ್ಶನದ ‘ಕೃಷಿ ದರ್ಶನ’ಕ್ಕಿಂತ ಒಂದು ವರ್ಷ ಕಿರಿದು. ಅದರ ಕ್ರಮ ಸರಳ. ವಸಂತದ ಆರಂಭದಿಂದ ಎಲೆ ಉದುರುವ ಕಾಲದವರೆಗೆ ವಾರಕ್ಕೊಮ್ಮೆ ಒಬ್ಬರು ತೋಟದಲ್ಲಿ ನಿಂತು, ಕೈ ಮಣ್ಣು ಮಾಡಿಕೊಂಡು, ಈ ವಾರ ಏನಾಯಿತು, ಏನು ಮಾಡಬೇಕು ಎಂದು ಹೇಳುತ್ತಾರೆ. ಕೊನೆಗೆ ಶನಿವಾರ ಭಾನುವಾರಗಳಿಗೆಂದು ಎರಡು ಮೂರು ಕೆಲಸಗಳನ್ನು ಒಪ್ಪಿಸುತ್ತಾರೆ. ನಮ್ಮಲ್ಲಿ ಯುಗಾದಿಯ ದಿನ ಪಂಚಾಂಗ ಓದಿಸಿ ಕೇಳುವುದುಂಟಲ್ಲ, ಅವರಿಗೆ ಅದು ವಾರ ವಾರವೂ ನಡೆಯುತ್ತದೆ ಎನ್ನಬಹುದು. ಪಂಚಾಂಗ ಪ್ರತಿ ವರ್ಷವೂ ಬಹುಮಟ್ಟಿಗೆ ಒಂದೇ. ಗುಲಾಬಿಯನ್ನು ಸವರುವ ಕಾಲ ಕಳೆದ ವರ್ಷವೂ ಇದೇ, ಮುಂದಿನ ವರ್ಷವೂ ಇದೇ. ಐವತ್ತು ವರ್ಷ ತೋಟ ಮಾಡಿದ ನಮ್ಮ ಮುದುಕರಿಗೆ ಅದು ತಿಳಿಯದ್ದೇನಲ್ಲ. ತಿಳಿದದ್ದನ್ನೇ ಮತ್ತೆ ಕೇಳಲು ಅವರು ಕೂರುತ್ತಿದ್ದರು. ರಾಮಾಯಣ ಕೇಳುವವನಿಗೆ ಕಥೆ ತಿಳಿಯದೆ? ಅವನು ಕೇಳುವುದು ಹೇಳುವವನನ್ನು.

ಹಾಗೆ ಹೇಳಿದವರಲ್ಲಿ ಮೊದಲ ದೊಡ್ಡ ಹೆಸರು ಪರ್ಸಿ ಥ್ರೋವರ್ ಅವರದು. ಶ್ರೂಸ್‌ಬರಿ ಪಟ್ಟಣದ ಉದ್ಯಾನಗಳ ಮೇಲ್ವಿಚಾರಕರಾಗಿದ್ದವರು; ಕೋಟು ಟೈಗಳನ್ನು ಧರಿಸಿಯೇ ತೋಟದಲ್ಲಿ ಕಾಣಿಸಿಕೊಳ್ಳುವ ಹಳೆಯ ಕಾಲದ ಗೃಹಸ್ಥರು. 1969ರಿಂದ ಕಾರ್ಯಕ್ರಮ ನಡೆಸಿದ ಅವರನ್ನು 1976ರಲ್ಲಿ ಬಿ.ಬಿ.ಸಿ. ಕೈಬಿಟ್ಟಿತು, ರಾಸಾಯನಿಕ ಕಂಪನಿಯೊಂದರ ತೋಟದ ಸಾಮಗ್ರಿಗಳ ಜಾಹೀರಾತಿಗೆ ಒಪ್ಪಿಕೊಂಡರೆಂಬುದು ಕಾರಣ. 1979ರಲ್ಲಿ ಜೆಫ್ ಹ್ಯಾಮಿಲ್ಟನ್ ಬಂದರು. ರಟ್ಲೆಂಡಿನ ಬಾರ್ನ್ಸ್‌ಡೇಲಿನ ತಮ್ಮ ತೋಟದಿಂದಲೇ ಮಾತನಾಡಿದರು. ದುಡ್ಡು ಕೊಟ್ಟು ತರುವ ಬದಲು ಹಳೆಯ ಹಲಗೆ ತಂತಿಗಳಿಂದಲೇ ಬೇಕಾದುದನ್ನು ಮಾಡಿಕೊಳ್ಳುವುದನ್ನು ತೋರಿಸಿದರು. ಥ್ರೋವರ್ ನಿಸ್ಸಂಕೋಚವಾಗಿ ಔಷಧ ಸಿಂಪಡಿಸಿ ಎಂದಿದ್ದರೆ, ಇವರು ಕ್ರಮೇಣ ರಾಸಾಯನಿಕವೇ ಬೇಡ ಎಂದರು. ಜವುಗುನೆಲವನ್ನು ಅಗೆದು ತೆಗೆಯುವ ಪೀಟ್ ಮಣ್ಣನ್ನೂ ಬಳಸಬೇಡಿ ಎಂದರು. ಉಪದೇಶವೇ ತಿರುಗಿಬಿತ್ತು. ನೋಡುಗರು ಅದನ್ನು ಒಪ್ಪಿಕೊಂಡರು. ಉಪದೇಶ ಬದಲಾದರೆ ಸಹಿಸುವ ಜನ ಉಪದೇಶಕ ಬದಲಾದರೆ ಸಹಿಸಲಾರರೆಂಬುದನ್ನು ಗಮನಿಸಬೇಕು.

1996ರ ಆಗಸ್ಟಿನಲ್ಲಿ ಹ್ಯಾಮಿಲ್ಟನ್ ವೇಲ್ಸಿನಲ್ಲಿ ಧರ್ಮಕಾರ್ಯಕ್ಕಾಗಿ ಏರ್ಪಡಿಸಿದ್ದ ಸೈಕಲ್ ಸವಾರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಲು ಕೆಲವೇ ದಿನಗಳಿದ್ದವು. ಅವರು ಮೊದಲೇ ಚಿತ್ರೀಕರಿಸಿಟ್ಟಿದ್ದ ಬೇರೊಂದು ಮಾಲೆ 1997ರಲ್ಲಿ ಪ್ರಸಾರವಾಯಿತು. ತೀರಿಹೋದವರು ಮುಂದಿನ ವರ್ಷದ ಹೂಗಳ ನಡುವೆ ನಿಂತು ಮಾತನಾಡಿದರು. ಇದನ್ನು ಹೇಳುವಾಗ ನಮ್ಮ ಮುದುಕರ ದನಿ ಇಳಿಯಿತು. ಅವರು ಸತ್ತ ವಾರ ತಮಗೆ ಕಳೆ ಕೀಳಲೂ ಮನಸ್ಸಾಗಲಿಲ್ಲ ಎಂದರು. ಅವರ ಜಾಗಕ್ಕೆ ಬಂದ ಆಲನ್ ಟಿಚ್‌ಮಾರ್ಷ್ ಅವರನ್ನು ಎರಡು ತಿಂಗಳು ನೋಡಲೇ ಇಲ್ಲವಂತೆ. “ಅವರು ಮಾಡಿದ ತಪ್ಪೇನು?” ಎಂದು ಕೇಳಿದೆ. ಮುದುಕರು ಸ್ವಲ್ಪ ಯೋಚಿಸಿ, “ಬಂದರಲ್ಲ” ಎಂದರು.

ಮುಂದಿನ ಕಥೆ ಇನ್ನೂ ಸ್ವಾರಸ್ಯವಾದುದು. ಕ್ಯೂ ಉದ್ಯಾನದಲ್ಲಿ ಶಿಕ್ಷಣ ಪಡೆದ ಟಿಚ್‌ಮಾರ್ಷ್ ಹ್ಯಾಂಪ್‌ಷೈರಿನ ತಮ್ಮ ಸ್ವಂತ ತೋಟದಿಂದ 2002ರವರೆಗೆ ನಡೆಸಿದರು. ಹೊರಟಾಗ ಇದೇ ಮುದುಕರು ನೊಂದುಕೊಂಡರು. 2003ರಲ್ಲಿ ಬಂದ ಮಾಂಟಿ ಡಾನ್ ತೋಟಗಾರಿಕೆಯನ್ನು ಶಾಸ್ತ್ರೋಕ್ತವಾಗಿ ಕಲಿತವರಲ್ಲ. ಕೇಂಬ್ರಿಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಆಭರಣದ ವ್ಯಾಪಾರ ಮಾಡಿ ಕೈಸುಟ್ಟುಕೊಂಡವರು. “ಪುಸ್ತಕ ಓದಿದವನು ಗುದ್ದಲಿ ಹಿಡಿದರೆ ಹೇಗೆ?” ಎಂದು ಮುದುಕರು ಗೊಣಗಿದ್ದರು. 2008ರಲ್ಲಿ ಡಾನ್‌ರಿಗೆ ಲಘುವಾಗಿ ಪಾರ್ಶ್ವವಾಯು ಬಡಿದು ಅವರು ಬಿಟ್ಟುಹೋದಾಗ ಅದೇ ಗೊಣಗು ಶೋಕವಾಗಿ ತಿರುಗಿತು. ಆಗ ಬಂದ ಟೋಬಿ ಬಕ್ಲೆಂಡ್ ಕೇಂಬ್ರಿಜಿನ ಸಸ್ಯೋದ್ಯಾನದಲ್ಲಿ ದುಡಿದವರು. ಶಾಸ್ತ್ರವೂ ತಿಳಿದಿತ್ತು, ಕೆಲಸವೂ ಗೊತ್ತಿತ್ತು. ಕಲಿಯದವರು ಬಂದರೆಂದು ಗೊಣಗಿದವರು ಕಲಿತವರು ಬಂದಾಗ ಸಂತೋಷಪಡಬೇಕಾಗಿತ್ತು. ಹಾಗಾಗಲಿಲ್ಲ. ಕಾರ್ಯಕ್ರಮ ತೆಳುವಾಯಿತೆಂದು ದೂರುಗಳು ಬಂದವು, ನೋಡುಗರು ಕಡಮೆಯಾದರೆಂದು ಪತ್ರಿಕೆಗಳು ಬರೆದವು. ಕೊನೆಗೆ ಬಕ್ಲೆಂಡ್ ಹೋಗುತ್ತಾರೆ, ಡಾನ್ ಮರಳುತ್ತಾರೆ ಎಂದು 2010ರಲ್ಲಿ ಪ್ರಕಟವಾದಾಗ ಮುದುಕರು ಏನೆಂದರು ಬಲ್ಲಿರಾ? “ಪಾಪ, ಆ ಹುಡುಗನಿಗೆ ಅನ್ಯಾಯವಾಯಿತು.” ತಂಗಿಯ ಎಚ್ಚರಿಕೆಯ ಅರ್ಥ ನನಗೆ ಆಗ ಹೊಳೆಯಿತು.

ಇದನ್ನು ಮುದಿತನದ ಚಾಪಲ್ಯವೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ನೋಡುಗರ ಗೊಣಗಿನಲ್ಲಿ ಒಂದು ವಿಮರ್ಶೆ ಅಡಗಿದೆ. ಅವರು ಅದನ್ನು ಸರಿಯಾದ ಮಾತಿನಲ್ಲಿ ಹೇಳಲಾರರು, ಅಷ್ಟೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಕ್ಷೇಮೇಂದ್ರ ಔಚಿತ್ಯಕ್ಕೆ ಕಾವ್ಯದ ಜೀವದ ಸ್ಥಾನವನ್ನೇ ಕೊಟ್ಟ. ಮಾತು, ಆಡುವವನು, ಆಡುವ ಸ್ಥಳ, ಕಾಲ ಇವು ಒಂದಕ್ಕೊಂದು ಹೊಂದಬೇಕು. ಹ್ಯಾಮಿಲ್ಟನ್ ಬಾರ್ನ್ಸ್‌ಡೇಲಿನಲ್ಲಿ ನಿಂತಾಗ ಸತ್ತ ಗಿಡ ಅವರ ಗಿಡವೇ. ಡಾನ್ 2011ರಲ್ಲಿ ಮರಳಿದಾಗ ಹರ್ಫರ್ಡ್‌ಷೈರಿನ ತಮ್ಮ ಮನೆಯ ‘ಲಾಂಗ್‌ಮೆಡೊ’ ತೋಟಕ್ಕೇ ಕ್ಯಾಮರಾ ಬಂತು. ವರ್ಷಗಟ್ಟಲೆ ಬೆಳೆಸಿ, ಕತ್ತರಿಸಿ ರೂಪಕೊಟ್ಟಿದ್ದ ಬಾಕ್ಸ್ ಗಿಡದ ಬೇಲಿಗೆ ಶಿಲೀಂಧ್ರ ರೋಗ ತಗುಲಿ ಎಷ್ಟೋ ಭಾಗವನ್ನು ಕಿತ್ತುಹಾಕಬೇಕಾದಾಗ ಅದನ್ನೂ ಜನರ ಮುಂದೆಯೇ ಒಪ್ಪಿಕೊಂಡರು. ತನ್ನ ನೆಲದಲ್ಲಿ ಸೋತವನ ಮಾತಿಗೆ ಇರುವ ತೂಕ ಬೇರೆ. ಬಕ್ಲೆಂಡ್‌ರಿಗೆ ಕೊಟ್ಟದ್ದು ಕಾರ್ಯಕ್ರಮಕ್ಕೆಂದೇ ಬರ್ಮಿಂಗ್‌ಹ್ಯಾಮಿನಲ್ಲಿ ಹೊಸದಾಗಿ ಮಾಡಿದ ‘ಗ್ರೀನೇಕರ್’ ಎಂಬ ತಾಣ. ಅಲ್ಲಿ ಗಿಡಗಳಿದ್ದವು, ಮನೆಯಿರಲಿಲ್ಲ. ನೋಡುಗರಿಗೆ ಕೊರತೆಯೆನ್ನಿಸಿದ್ದು ಇದೇ ಎಂದು ನನ್ನ ಊಹೆ.

ಇಲ್ಲಿ ಜಾಣರಾದ ಓದುಗರು ಒಂದು ಆಕ್ಷೇಪವನ್ನೆತ್ತಬಹುದು. 2003ರಿಂದ 2008ರವರೆಗೆ ಡಾನ್ ಕೂಡ ಬಿ.ಬಿ.ಸಿ.ಗಾಗಿ ಮಾಡಿದ ‘ಬೆರಿಫೀಲ್ಡ್ಸ್’ ತೋಟದಿಂದಲೇ ನಡೆಸಿದರಷ್ಟೆ. ಅವರನ್ನು ಜನ ಮೆಚ್ಚಲಿಲ್ಲವೆ? ಮೆಚ್ಚಿದರು, ಆದರೆ ಅವರಿಗೆ ಐದಾರು ವರ್ಷಗಳ ಕಾಲಾವಕಾಶ ದೊರೆತಿತ್ತು. ನಿರೂಪಕ ನೆಲೆಯೂರಬೇಕಾದರೆ ಎರಡು ಬೇಕು: ತನ್ನದೆನ್ನುವ ನೆಲ, ಸಾಕಷ್ಟು ಕಾಲ. ಒಂದಿದ್ದರೂ ಹೇಗೋ ನಡೆಯುತ್ತದೆ. ಬಕ್ಲೆಂಡ್‌ರಿಗೆ ಎರಡೂ ಇರಲಿಲ್ಲ. ಗ್ರೀನೇಕರಿನಲ್ಲಿ ಅವರಿಗೆ ಸಿಕ್ಕಿದ್ದು 2009 ಮತ್ತು 2010, ಎರಡೇ ಋತುಚಕ್ರ. ಎರಡು ವರ್ಷದ ಮಾವಿನ ಗಿಡದಲ್ಲಿ ಹಣ್ಣಿಲ್ಲವೆಂದು ಬೈಯುವ ತೋಟಗಾರನನ್ನು ನಾವು ಏನೆನ್ನುತ್ತೇವೆ?

ಇಲ್ಲಿ ನೋಡುಗರ ತಪ್ಪೂ ಇದೆ. ಅವರ ಶೋಕ ನ್ಯಾಯವಾದುದು. ಆ ಶೋಕದಲ್ಲಿ ಕೊಟ್ಟ ತೀರ್ಪು ನ್ಯಾಯವಾದುದಲ್ಲ. ಇದನ್ನು ಹೇಳುವ ಅಧಿಕಾರ ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಹದಿನೇಳು ವರ್ಷದ ಹಿಂದೆ, ಕುಮಾರವ್ಯಾಸನನ್ನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಅಧ್ಯಾಪಕರ ಜಾಗಕ್ಕೆ ನಾನು ಹೋದೆ. ಅವರು ಪದ್ಯವನ್ನು ರಾಗವಾಗಿ ಓದಿದರೆ ಪಕ್ಕದ ತರಗತಿಯವರೂ ಕಿವಿಗೊಡುತ್ತಿದ್ದರಂತೆ. ಮೊದಲ ದಿನವೇ ಹಿಂದಿನ ಬೆಂಚಿನಿಂದ “ಹಳೇ ಮೇಷ್ಟ್ರ ಹಾಗಿಲ್ಲ” ಎಂಬ ಪಿಸುಮಾತು ಕೇಳಿಸಿತು. ಅವರಂತೆ ಹಾಡಲು ಹೋಗಿ ಒಂದು ತಿಂಗಳು ನಗೆಪಾಟಲಾದೆ. ಆಮೇಲೆ ಹಾಡುವುದನ್ನು ಬಿಟ್ಟು, ನನಗೆ ಬರುವ ರೀತಿಯಲ್ಲಿ, ಒಂದೊಂದು ಶಬ್ದವನ್ನು ಬಿಡಿಸಿ ಓದತೊಡಗಿದೆ. ತರಗತಿ ನನ್ನದಾಗಲು ಮೂರು ವರ್ಷ ಹಿಡಿಯಿತು. ಎರಡನೆಯ ವರ್ಷದ ಕೊನೆಯಲ್ಲಿ ಯಾರಾದರೂ ಎಣಿಕೆ ಮಾಡಿ ತೀರ್ಪು ಕೊಟ್ಟಿದ್ದರೆ ನಾನು ಇಂದು ಈ ಲೇಖನ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಶಾಲೆಯ ಉಪಾಧ್ಯಾಯಿನಿಯಾಗಿದ್ದು ಡೆವನ್ನಿನಲ್ಲಿ ತಮ್ಮದೇ ಸೊಗಸಾದ ತೋಟ ಬೆಳೆಸಿದ ಕ್ಯಾರಲ್ ಕ್ಲೈನ್ 2008ರಲ್ಲಿ ಡಾನ್ ಕಾಯಿಲೆ ಬಿದ್ದಾಗ ಕಾರ್ಯಕ್ರಮವನ್ನು ನಿಭಾಯಿಸಿದರು. ಮುಖ್ಯ ಸ್ಥಾನ ಅವರಿಗೆ ಸಿಗಬಹುದೆಂದು ಎಷ್ಟೋ ಜನ ನಿರೀಕ್ಷಿಸಿದ್ದರು, ಸಿಗಲಿಲ್ಲ. 1968ರಿಂದ 2011ರವರೆಗಿನ ಅಷ್ಟೂ ಬದಲಾವಣೆಗಳಲ್ಲಿ ಆ ಸ್ಥಾನಕ್ಕೆ ಬಂದವರೆಲ್ಲ ಗಂಡಸರೇ. ಪರಿಚಿತ ದನಿಯನ್ನು ಬೇಡುವ ಪ್ರೀತಿ, ಪರಿಚಿತವಲ್ಲದ್ದಕ್ಕೆಲ್ಲ ಬಾಗಿಲು ಹಾಕುವ ಅಭ್ಯಾಸವೂ ಆಗಬಲ್ಲದು. ನೆಲವಿತ್ತು, ಅನುಭವವಿತ್ತು, ಆದರೂ ದೊರೆಯಲಿಲ್ಲವೆಂದರೆ, ನಮ್ಮ ಔಚಿತ್ಯದ ಕಲ್ಪನೆಯಲ್ಲೇ ಎಲ್ಲೋ ಕಳೆ ಬೆಳೆದಿದೆ ಎಂದಾಯಿತು.

ಕಾರ್ಯಕ್ರಮಕ್ಕೂ ನೋಡುಗರಿಗೂ ಇರುವ ನಂಟು ಎಂಥದೆಂಬುದು 2020ರಲ್ಲಿ ಇನ್ನೂ ಸ್ಪಷ್ಟವಾಯಿತು. ಆ ಮೇ ತಿಂಗಳಲ್ಲಿ, ವರ್ಷಗಳಿಂದ ಡಾನ್‌ರ ಹಿಂದೆ ಮುಂದೆ ತೋಟದಲ್ಲಿ ಸುಳಿಯುತ್ತಿದ್ದ ನೈಜಲ್ ಎಂಬ ಅವರ ನಾಯಿ ಸತ್ತಿತು. ಅದನ್ನು ಎಂದೂ ಮುಟ್ಟಿ ನೋಡದ ಜನ ತಮ್ಮ ಮನೆಯ ನಾಯಿ ಸತ್ತಂತೆ ದುಃಖಪಟ್ಟರು. ಅದೇ ವರ್ಷ ಕೊರೋನಾ ಕಾಯಿಲೆಯಿಂದ ಎಲ್ಲರೂ ಮನೆಯೊಳಗೇ ಇರಬೇಕಾಗಿ ಬಂದಾಗ ನೋಡುಗರೇ ತಮ್ಮ ಹಿತ್ತಲಿನ, ಕಿಟಕಿಯ ಕುಂಡಗಳ ಚಿತ್ರ ತೆಗೆದು ಕಳಿಸಿದರು. ಅವು ಕಾರ್ಯಕ್ರಮದಲ್ಲಿ ಬಂದವು. ಹೆಸರಿಲ್ಲದ ಎಷ್ಟೋ ಜನ ಎರಡು ನಿಮಿಷದ ಮಟ್ಟಿಗೆ ನಿರೂಪಕರಾದರು. ಅವರಲ್ಲಿ ಒಬ್ಬರ ಮಾತೂ ಕೃತಕವೆನ್ನಿಸಲಿಲ್ಲ ಎಂದರು ನಮ್ಮ ಮುದುಕರು. ಕಾರಣ ಹುಡುಕಬೇಕಾಗಿಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಮಣ್ಣಿನ ಮೇಲೆ ನಿಂತಿದ್ದರು.

ನಾನು ಊರಿಗೆ ಹೊರಡುವ ಹಿಂದಿನ ಶುಕ್ರವಾರ ಕಾರ್ಯಕ್ರಮ ಮುಗಿದ ಮೇಲೆ ಮುದುಕರು ಟೆಲಿವಿಷನ್ ಆರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಡಾನ್ ಆಗ ಎಪ್ಪತ್ತರ ಹೊಸ್ತಿಲಲ್ಲಿದ್ದರು. “ಇವರೂ ಒಂದು ದಿನ ಬಿಡುತ್ತಾರೆ, ಪ್ರೊಫೆಸರರೆ. ಆಮೇಲೆ ಬರುವವರು ಯಾರೋ” ಎಂದರು. ಯಾರೇ ಬರಲಿ, ಮೂರು ವರ್ಷ ಬೈಯದೆ ನೋಡುತ್ತೀರಾ ಎಂದು ಕೇಳಿದೆ. ಅವರು ನಕ್ಕರು. “ಮೂರು ವರ್ಷ ನಾನಿರಬೇಕಲ್ಲ! ಒಂದು ವರ್ಷ ನೋಡುತ್ತೇನೆ. ಬೈಯುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.” ಅಷ್ಟು ಸಾಕು ಎಂದು ನನಗೆ ಅನ್ನಿಸಿತು. ಬೈಯುತ್ತಲಾದರೂ ಎದುರಿಗೆ ಕುಳಿತಿರುವ ನೋಡುಗ ಹೊಸಬನಿಗೆ ಕಾಲವನ್ನು ಕೊಟ್ಟಂತೆಯೇ. ಎದ್ದುಹೋಗುವುದರಿಂದ ಮಾತ್ರ ಅನ್ಯಾಯವಾಗುತ್ತದೆ. ನಿರೂಪಕನಿಗೆ ಹೇಗೋ ಹಾಗೆ, ಹೊಸ ಕವಿಗೂ, ಹೊಸ ಮೇಷ್ಟರಿಗೂ.