ಕಾರಿನ ಗೀರಿಗೆ ಟೂತ್‌ಪೇಸ್ಟ್: ಮದ್ದೋ, ಮರೆಮಾಚುವಿಕೆಯೋ?

ಕಾರಿನ ಬಾಗಿಲ ಮೇಲೆ ಆಳವಾದ ಗೀರು ಬಿದ್ದಿದೆಯೇ? ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಮಾಯವಾಗುತ್ತದೆ. ಕೊಬ್ಬರಿ ಎಣ್ಣೆ ಸವರಿ, ಹೊಸದರಂತೆ ಹೊಳೆಯುತ್ತದೆ. ಇಂಥ ಮನೆಮದ್ದುಗಳನ್ನು ನೀವೂ ಕೇಳಿರುತ್ತೀರಿ. ಜೊತೆಗೆ ‘ಮೊದಲು’, ‘ನಂತರ’ ಎಂಬ ಎರಡು ಚಿತ್ರಗಳೂ ಇರುತ್ತವೆ. ಆ ಚಿತ್ರಗಳು ಸುಳ್ಳಲ್ಲದೇ ಇರಬಹುದು. ಆದರೂ ಈ ಸಲಹೆಗಳನ್ನು ಒಮ್ಮೆ ಒರೆಗೆ ಹಚ್ಚಿ ನೋಡೋಣ.

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತೆಳುವಾದ ಫಾಸ್ಫೇಟ್ ಲೇಪ, ಅದರ ಮೇಲೆ ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಪ್ರೈಮರ್, ಅನಂತರ ಮತ್ತೊಂದು ಪ್ರೈಮರ್, ಬಣ್ಣದ ಪದರ, ಕೊನೆಗೆ ಪಾರದರ್ಶಕ ಪದರ ಇರುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರೋಮೀಟರ್ ದಪ್ಪ. ಅಂದರೆ ನಿಮ್ಮ ನೋಟ್‌ಬುಕ್ಕಿನ ಒಂದೆರಡು ಹಾಳೆಗಳಷ್ಟು!

ಗೀರು ಪಾರದರ್ಶಕ ಪದರದಲ್ಲಷ್ಟೇ ಇದ್ದರೆ ಅದರ ಒರಟು ಅಂಚುಗಳು ಬೆಳಕನ್ನು ಚದರಿಸುತ್ತವೆ. ಆದ್ದರಿಂದ ಗೀರು ಬೆಳ್ಳಗೆ ಕಾಣುತ್ತದೆ. ಟೂತ್‌ಪೇಸ್ಟಿನಲ್ಲಿರುವ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಕಣಗಳು ಆ ಅಂಚುಗಳನ್ನು ಸವೆಸಿ ನುಣುಪಾಗಿಸುತ್ತವೆ. ಇಲ್ಲಿ ಮನೆಮದ್ದು ಗೆದ್ದಿತೆಂದು ಒಪ್ಪೋಣ. ಆದರೆ ಅದು ಗೀರನ್ನು ತುಂಬಲಿಲ್ಲ; ಸುತ್ತಲಿನ ಪದರವನ್ನೇ ತೆಳುವಾಗಿಸಿತು.

ಎಣ್ಣೆಯ ಕಥೆ ಬೇರೆ. ಪಾರದರ್ಶಕ ಪದರದ ವಕ್ರೀಭವನಾಂಕ ಸುಮಾರು 1.5, ಕೊಬ್ಬರಿ ಎಣ್ಣೆಯದು ಸುಮಾರು 1.45, ಗಾಳಿಯದು 1. ಗೀರಿನಲ್ಲಿದ್ದ ಗಾಳಿಯ ಜಾಗವನ್ನು ಎಣ್ಣೆ ತುಂಬಿದಾಗ ಬೆಳಕಿನ ಚದರಿಕೆ ತಗ್ಗುತ್ತದೆ, ಗೀರು ಕಾಣದಾಗುತ್ತದೆ. ಸೋಪಿನ ನೀರಿನಲ್ಲಿ ತೊಳೆದರೆ ಮತ್ತೆ ಪ್ರತ್ಯಕ್ಷ.

ಇನ್ನು ಆಳವಾದ ಗೀರು. ಉಗುರು ಆಡಿಸಿದಾಗ ಸಿಕ್ಕಿಕೊಂಡು, ತಳದಲ್ಲಿ ಲೋಹ ಹೊಳೆಯುತ್ತಿದ್ದರೆ ಟೂತ್‌ಪೇಸ್ಟ್ ಎಷ್ಟು ಉಜ್ಜಿದರೂ ವ್ಯರ್ಥ. ಇಲ್ಲದ ಪ್ರೈಮರನ್ನು ಉಜ್ಜಿ ತರಲಾಗದು. ಉಕ್ಕಿಗೆ ನೀರು, ಆಮ್ಲಜನಕ ಎರಡೂ ದೊರೆತರೆ ತುಕ್ಕು ಖಚಿತ. ಕರಾವಳಿಯ ಉಪ್ಪು ಗಾಳಿ ಅದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ತಗಡಿಗೆ ಸತುವಿನ ಲೇಪವಿದ್ದರೆ ತುಕ್ಕು ತಡವಾಗುತ್ತದೆ, ಅಷ್ಟೇ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಅಕ್ಕಪಕ್ಕದ ಒಳ್ಳೆಯ ಬಣ್ಣವನ್ನೂ ಎಬ್ಬಿಸುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದಾದರೆ ಈ ಭಯವಿಲ್ಲ.

‘ಗೀರಿಗೆ ಬಣ್ಣ ತುಂಬಿದರೆ ಸಾಕು’ ಎನ್ನುವ ಸಲಹೆಯೂ ಅರೆಬರೆಯೇ. ಸರಿಯಾದ ಕ್ರಮ ಹೀಗಿದೆ: ಜಾಗವನ್ನು ತೊಳೆದು ಒಣಗಿಸಿ. ತುಕ್ಕಿದ್ದರೆ ಉಪ್ಪುಕಾಗದದಿಂದ ಪೂರ್ತಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ಒರೆಸಿ. ನೆರಳಿನಲ್ಲಿ, ಗಾಳಿಯಾಡುವೆಡೆ, ಬೆಂಕಿಯಿಂದ ದೂರವಿದ್ದು ಪ್ರೈಮರ್, ಕಾರಿನ ಬಣ್ಣದ ಕೋಡ್‌ಗೆ ಹೊಂದುವ ಬಣ್ಣ, ಪಾರದರ್ಶಕ ಲೇಪ ಇವನ್ನು ಈ ಕ್ರಮದಲ್ಲೇ ತೆಳುವಾಗಿ ಹಚ್ಚಿ, ಪ್ರತಿ ಸಲವೂ ಒಣಗಲು ಬಿಡಿ. ಪೂರ್ತಿ ಗಟ್ಟಿಯಾದ ಮೇಲೆ 2000 ಸಂಖ್ಯೆಯ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಹಗುರವಾಗಿ ತೀಡಿ, ಪಾಲಿಶ್ ಮಾಡಿ. ಗಟ್ಟಿಕಾರಕ ಬೆರೆಸುವ ಎರಡು ಭಾಗಗಳ ಲೇಪದಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಅದನ್ನು ಸಿಂಪಡಿಸಿದರೆ ಶ್ವಾಸಕೋಶಕ್ಕೆ ಅಪಾಯ. ಆ ಕೆಲಸ ಮನೆಯಲ್ಲಿ ಬೇಡ.

ಇಷ್ಟು ಮಾಡಿದರೂ ಗುರುತು ಪೂರ್ತಿ ಹೋಗದೆ ಇರಬಹುದು. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚಕ್ಕೆಗಳು ಮಲಗಿರುವ ರೀತಿ ಬೇರೆಯಾದರೆ ಛಾಯೆಯೂ ಬೇರೆಯಾಗಿ ಕಾಣುತ್ತದೆ. ಹಾಗಾದರೆ ದುರಸ್ತಿ ಸೋತಿತೇ? ಖಂಡಿತ ಇಲ್ಲ. ಮನೆಮದ್ದಿನ ಮುಖ್ಯ ದೋಷ ಇಲ್ಲೇ ಇದೆ: ‘ಗೀರು ಕಾಣುತ್ತದೆಯೇ?’ ಎಂದಷ್ಟೇ ಅದು ಕೇಳುತ್ತದೆ. ನಾವು ಕೇಳಬೇಕಾದದ್ದು ‘ಉಕ್ಕಿಗೆ ನೀರು ತಲುಪುತ್ತದೆಯೇ?’ ಎಂದು.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಬಣ್ಣ ಬಳಿದ ಮೂರು ಕಬ್ಬಿಣದ ತಗಡಿನ ತುಂಡುಗಳಲ್ಲಿ ಲೋಹ ಕಾಣುವಂತೆ ಗೀರಿ. ಒಂದನ್ನು ಟೂತ್‌ಪೇಸ್ಟಿನಿಂದ ಉಜ್ಜಿ ತೊಳೆಯಿರಿ. ಎರಡನೆಯದಕ್ಕೆ ಎಣ್ಣೆ ಸವರಿ, ಸೋಪಿನ ನೀರಿನಲ್ಲಿ ತೊಳೆಯಿರಿ. ಮೂರನೆಯದಕ್ಕೆ ಪ್ರೈಮರ್, ಬಣ್ಣ ಹಚ್ಚಿ ಒಣಗಿಸಿ. ಮೂರನ್ನೂ ಉಪ್ಪುನೀರಿನ ಒದ್ದೆ ಬಟ್ಟೆಯಲ್ಲಿ ಒಂದು ವಾರ ಇರಿಸಿ. ‘ನಂತರ’ದ ಚಿತ್ರವನ್ನು ಆಮೇಲೆ ತೆಗೆಯಿರಿ.