ಕ್ಯಾಮೆರಾದ ಹಿಂದೆ ಯಾರಿದ್ದಾರೆ?

ಒಂದು ಮೊಹರಂನ ಹತ್ತನೇ ದಿನ ನಾನು ಗೌರಿಬಿದನೂರು ಸೀಮೆಯ ಅಲೀಪುರದಲ್ಲಿದ್ದೆ. ಎದೆ ಬಡಿದುಕೊಂಡು ಹುಸೇನರಿಗಾಗಿ ಅಳುವ ಶಿಯಾ ಜನರ ಊರು ಅದು. ವರ್ಷವೆಲ್ಲಾ ಹರಳಿಗೆ ಸಾಣೆ ಹಿಡಿದು, ಹರಳು ಮಾರಿ ಬದುಕುವವರು. ಅವತ್ತು ಬೆಂಗಳೂರಿನಿಂದ ನಾಲ್ಕೈದು ಕ್ಯಾಮೆರಾಗಳು ಬಂದಿದ್ದವು. ಮನುಷ್ಯರು ಬಂದಿದ್ದರು ಅನ್ನದೆ ಕ್ಯಾಮೆರಾಗಳು ಅಂದದ್ದು ಬೇಕಂತಲೇ. ಅವಕ್ಕೆ ಬೇಕಿದ್ದದ್ದು ರಕ್ತ ಮತ್ತು ಅಳುವ ಮುಖ. ಯಾಕೆ ಅಳುತ್ತಾರೆ ಅಂತ ಒಬ್ಬನೂ ಕೇಳಲಿಲ್ಲ. ಸಾಣೆ ಕೆಲಸದ ಹುಡುಗನೊಬ್ಬ, 'ಭಾಯ್, ಈ ಫೋಟೋ ನನಗೂ ಕಳಿಸ್ತೀರಾ?' ಅಂದ. 'ವಾಟ್ಸಾಪ್ ಮಾಡ್ತೀನಿ' ಅಂದವರು ನಂಬರು ಕೇಳಲಿಲ್ಲ. ಅವರಿಗೆ ಹೊತ್ತಾಗಿತ್ತು. ಸಂಜೆ ಬೆಳಕಿಗೆ ಮಧುಗಿರಿ ತಾಲೂಕಿನ ಮೈದನಹಳ್ಳಿ ಸೇರಬೇಕಿತ್ತು, ಕೃಷ್ಣಮೃಗಕ್ಕೆ.

ಇಂಥವರ ಚಿತ್ರಗಳು ಒಟ್ಟಾಗಿ ಗೋಡೆ ಮೇಲೆ ತೂಗುವುದನ್ನು ಆಮೇಲೆ ನಗರದ ಒಂದು ಪ್ರದರ್ಶನದಲ್ಲಿ ನೋಡಿದೆ. ಅರ್ಧ ಕಾಡು, ಅರ್ಧ ಪೇಟೆ. ಗಡಿಯಾಚೆ ಚಿಲಮತ್ತೂರು ಬಳಿಯ ವೀರಾಪುರಂನ ಬಣ್ಣದ ಕೊಕ್ಕರೆ, ಅದರ ಪಕ್ಕದಲ್ಲೇ ಮಾರ್ಕೆಟ್ಟಿನ ಹಮಾಲಿ. ಚಿತ್ರಗಳು ಕೆಟ್ಟವಾಗಿದ್ದವು ಅಂತ ನಾನು ಸುಳ್ಳು ಹೇಳಲಾರೆ. ಕೊಕ್ಕರೆಯ ರೆಕ್ಕೆಯ ಒಂದೊಂದು ಗರಿಯೂ ಎಣಿಸುವಂತಿತ್ತು. ಆದರೆ ಚೀಟಿಗಳನ್ನು ಓದಿ. ಹಕ್ಕಿಗೆ ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು, ಊರು, ಲೆನ್ಸಿನ ಅಳತೆ. ಹಮಾಲಿಗೆ? 'ದುಡಿಮೆ'. ಅಷ್ಟೇ. ಹೂ ಮಾರುವ ಮುದುಕಿಗೆ 'ಕಾಲದ ಗೆರೆಗಳು'. ಹಕ್ಕಿಗೆ ಎರಡೆರಡು ಹೆಸರು ಕೊಟ್ಟವರಿಗೆ ಮನುಷ್ಯನಿಗೆ ಒಂದು ಹೆಸರು ಕೇಳಿ ಬರೆಯುವ ತಾಳ್ಮೆ ಇರಲಿಲ್ಲ.

ಇದು ಇವತ್ತಿನ ರೋಗವಲ್ಲ. 1868ರಿಂದ 1875ರವರೆಗೆ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದರು. ಜಾತಿ, ಬುಡಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹಿಡಿದು, ಇಂಥ ಜಾತಿಯ ಗುಣ ಇಂಥದ್ದು ಅಂತ ಷರಾ ಬರೆದರು. ಚಿಟ್ಟೆಗೆ ಸೂಜಿ ಚುಚ್ಚಿ ಡಬ್ಬಿಗೆ ಹಾಕಿದ ಹಾಗೆ. ಈಗ ಷರಾ ಇಲ್ಲ, ಸೂಜಿ ಮಾತ್ರ ಉಳಿದಿದೆ.

ಕಾಡಿನ ಕತೆ ಇನ್ನೂ ಬೇರೆ. ಅಂತಾರಾಷ್ಟ್ರೀಯ ಫೋಟೋ ಸ್ಪರ್ಧೆಗಳಲ್ಲಿ ನಿಸರ್ಗ ವಿಭಾಗಕ್ಕೆ ಒಂದು ನಿಯಮವಿದೆ: ಚಿತ್ರದಲ್ಲಿ ಮನುಷ್ಯನ ಕುರುಹು ಇರಕೂಡದು. ನಿಸರ್ಗದ ಕತೆಗೆ ತೀರಾ ಬೇಕಾದಾಗ ಮಾತ್ರ ರಿಯಾಯಿತಿ. ಬರೀ ಆಟದ ನಿಯಮವಾಗಿದ್ದರೆ ನಾನು ತಕರಾರು ತೆಗೆಯುತ್ತಿರಲಿಲ್ಲ. ಆದರೆ ನೆಲದ ಮೇಲೂ ಅದೇ ಆಯಿತಲ್ಲ! 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ನಾಗರಹೊಳೆಯ ಜೇನುಕುರುಬರು ಕಾಡಿನಿಂದ ಹೊರಬಿದ್ದರು. ಹಕ್ಕಿಪಿಕ್ಕಿಯವನ ಬಲೆ ಅಪರಾಧವಾಯಿತು. ದುಡ್ಡು ಕಟ್ಟಿ ಜೀಪಿನಲ್ಲಿ ಬಂದವನ ಬೇಟೆ ಹವ್ಯಾಸವಾಯಿತು. ಅವನೂ 'ಶೂಟ್' ಅಂತಲೇ ಅನ್ನುವುದು. ಪ್ರಾಣಿ ಉಳಿಯಬಾರದು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಮೀಸಲಾದದ್ದು ಒಳ್ಳೆಯದೇ. ಆದರೆ ಜಿಂಕೆ ಹೊಲಕ್ಕೆ ನುಗ್ಗಿದರೆ ರಾತ್ರಿಯೆಲ್ಲಾ ಕೂಗು ಹಾಕಿ ಕಡ್ಲೆಕಾಯಿ ಕಾಯುವ ರೈತ ಚೌಕಟ್ಟಿನ ಆಚೆ ಯಾಕೆ ನಿಲ್ಲಬೇಕು?

ನಮ್ಮಲ್ಲಿ ಈ ಕಲೆಯ ದೊಡ್ಡವರಲ್ಲಿ ಎಂ.ವೈ. ಘೋರ್ಪಡೆ ಒಬ್ಬರು. ಸಂಡೂರಿನ ಅರಸು ಮನೆತನ, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿ. ಅವರ ಕಪ್ಪು ಬಿಳುಪು ಆನೆಗಳ ಮುಂದೆ ನಿಂತರೆ ಮಾತು ನಿಲ್ಲುತ್ತದೆ. ಆ ಬೆಳಕು ಸುಳ್ಳಲ್ಲ. ಆದರೆ ಕಾಡಿನಲ್ಲಿ ಹಾಗೆ ದಿನಗಟ್ಟಲೆ ಕಾದು ಕೂರುವ ಬಿಡುವು ಯಾರಿಗಿತ್ತು ಅಂತಲೂ ಕೇಳಬೇಕಾಗುತ್ತದೆ. ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿ ಹಿಂದೆ ಬಿದ್ದವರು; ಅವರ 'ಪರಿಸರದ ಕತೆ'ಯಲ್ಲಿ ಮಾರ, ಪ್ಯಾರ, ನಾಯಿ ಕಿವಿ ಎಲ್ಲರೂ ಕಾಡಿನ ಒಳಗೇ ಇದ್ದಾರೆ. ಬರಹದಲ್ಲಿ ಸಾಧ್ಯವಾದದ್ದು ಚಿತ್ರದಲ್ಲಿ ಯಾಕಾಗುವುದಿಲ್ಲ? ಮೈಸೂರಿನ ಟಿ.ಎಸ್. ಸತ್ಯನ್ ಬೀದಿಯ ಜನರನ್ನು, ಮಕ್ಕಳನ್ನು ತೆಗೆದರು. ಒಮ್ಮೊಮ್ಮೆ ಸಿಹಿ ಜಾಸ್ತಿಯಾಯಿತು ಅನಿಸುತ್ತದೆ ನನಗೆ. ಆದರೂ ಅವರ ಚಿತ್ರದ ಜನ ನಮ್ಮನ್ನು ವಾಪಸ್ ನೋಡುತ್ತಾರೆ. ಅಲ್ಲೊಂದು ಮಾತುಕತೆ ನಡೆದಿದೆ ಅಂತ ಗೊತ್ತಾಗುತ್ತದೆ.

ನಮ್ಮ ಸೀಮೆಗೆ ಬರುವವರು ನಂದಿಬೆಟ್ಟದ ಮಂಜು, ಕೈವಾರದ ಬೆಟ್ಟ ಹಿಡಿದು ಹೋಗುತ್ತಾರೆ. ಅದೇ ಚಿಂತಾಮಣಿ ತಾಲೂಕಿನಲ್ಲಿ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟ ಊರು. 2006ರಲ್ಲಿ ಆರೋಪಿಗಳೆಲ್ಲಾ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪ್ರವಾಸದ ಯಾವ ಆಲ್ಬಮ್ಮಿನಲ್ಲೂ ನಾನು ಆ ಊರನ್ನು ಕಂಡಿಲ್ಲ. ಅಲ್ಲಿ ಏನು ತೆಗೆಯುವುದು, ಬೆಳಕು ಚೆನ್ನಾಗಿಲ್ಲವೇನೋ.

ಆ ಪ್ರದರ್ಶನದಲ್ಲಿ ಸೌದೆ ಹೊರೆ ಹೊತ್ತ ಹೆಂಗಸಿನ ಒಂದು ಚಿತ್ರವಿತ್ತು. ಅವಳು ನನ್ನ ಅವ್ವನಲ್ಲ, ಆದರೆ ಕುತ್ತಿಗೆಯ ನರ ಅವ್ವನದ್ದೇ. ಅವ್ವ ಸತ್ತಾಗ ಗೋಡೆಗೆ ಹಾಕಲು ಫೋಟೋ ಇರಲಿಲ್ಲ. ಓಟಿನ ಗುರುತಿನ ಚೀಟಿಯಲ್ಲಿದ್ದ ಚಿತ್ರವನ್ನು ಸ್ಟುಡಿಯೋದವನು ದೊಡ್ಡದು ಮಾಡಿಕೊಟ್ಟ. ಮೂಗು ಎಲ್ಲಿ, ಬಾಯಿ ಎಲ್ಲಿ, ತಿಳಿಯುವುದಿಲ್ಲ.

ಈಗ ನಮ್ಮ ಕೇರಿಯ ಹುಡುಗರ ಕೈಗೂ ಫೋನು ಬಂದಿದೆ. ಮೊನ್ನೆ ಒಬ್ಬ ನಂದಿಬೆಟ್ಟಕ್ಕೆ ಹೋಗಿಬಂದು ಮಂಜಿನ ಚಿತ್ರ ತೋರಿಸಿದ. 'ಚೆನ್ನಾಗಿದೆ ಕಣೋ. ನಿಮ್ಮಜ್ಜೀದು ತೆಗೆದಿದ್ದೀಯಾ?' ಅಂದೆ.

'ಬೇಡ ಅಂತಾಳೆ ಮಾಮ. ಹಳೇ ಸೀರೇಲಿ ಚೆನ್ನಾಗಿ ಕಾಣಲ್ವಂತೆ.'